ರಾಜೀನಾಮೆ ಕೊಟ್ಟಾಯ್ತು, ಅದೇ ಕುರ್ಚಿ ಮತ್ತೆ ಸಿಗುತ್ತಾ?

2021ರ ಜೂನ್ 3 ನಿಮಗೂ ನೆನಪಿರಬಹುದು. ಕೊರೊನಾ ಎರಡನೇ ಅಲೆಯ ದಿನಗಳು. ಒಲೆ ಮೇಲೆ ಸಾರು ಕುದಿಯುತ್ತಿದ್ದರೂ ಕಣ್ಣೆಲ್ಲ ಟಿವಿ ಮೇಲೆ. ಜಿಲ್ಲಾಧಿಕಾರಿಯಿಂದ ಕಿರುಕುಳವಾಗುತ್ತಿದೆ ಎಂದು ಮೈಸೂರು ಪಾಲಿಕೆ ಆಯುಕ್ತೆ ಶಿಲ್ಪಾ ನಾಗ್ ಪತ್ರಕರ್ತರ ಮುಂದೆಯೇ ರಾಜೀನಾಮೆ ಘೋಷಿಸಿದರು. ಜಿಲ್ಲಾಧಿಕಾರಿ ರೋಹಿಣಿ ಸಿಂಧೂರಿ ಆರೋಪವನ್ನು ಅಲ್ಲಗಳೆದರು. ಅವತ್ತೇ ಚಿಕ್ಕಮ್ಮನ ಫೋನು: "ಅಲ್ವೇ, ಸಿಟ್ಟು ಇಳಿದ ಮೇಲೆ ಅದೇ ಕುರ್ಚಿಗೆ ವಾಪಸ್ ಹೋಗಬಹುದೇನೇ?"

ಉತ್ತರ ಎರಡೇ ದಿನದಲ್ಲಿ ಸಿಕ್ಕಿತು. ಸರ್ಕಾರ ಇಬ್ಬರನ್ನೂ ಮೈಸೂರಿನಿಂದ ಎತ್ತಂಗಡಿ ಮಾಡಿತು. ಶಿಲ್ಪಾ ಸೇವೆಯಲ್ಲೇ ಉಳಿದರು, 2023ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಯೂ ಆದರು. ಆದರೆ ಪಾಲಿಕೆಯ ಆ ಕುರ್ಚಿ ಹೋಯಿತು. ನೋಡಿ, ಸೇವೆ ಬೇರೆ, ಕುರ್ಚಿ ಬೇರೆ. ಸೇವೆ ನಿಮ್ಮದು, ಕುರ್ಚಿ ಸರ್ಕಾರದ್ದು. ರಾಜೀನಾಮೆ ಕೊಡದವರನ್ನೂ ರಾತ್ರೋರಾತ್ರಿ ವರ್ಗ ಮಾಡುವ ಕಾಲ ಇದು!

ಹಾಗಾದರೆ ಸೇವೆಗೆ ಮರಳುವುದು ಹೇಗೆ? ರಾಜೀನಾಮೆ ಅಂಗೀಕಾರವಾಗಿ ಜಾರಿಗೆ ಬರುವವರೆಗೂ ಸಾಮಾನ್ಯವಾಗಿ ಅದನ್ನು ಹಿಂದಕ್ಕೆ ಪಡೆಯಬಹುದು. ಐಎಎಸ್ ಅಧಿಕಾರಿ ಪತ್ರವನ್ನು ರಾಜ್ಯಕ್ಕೆ ಕೊಟ್ಟರೂ ಅಂಗೀಕರಿಸುವುದು ಕೇಂದ್ರ. ಅಂಗೀಕಾರವಾದ ಮೇಲೆ ಮಾತ್ರ ಕಷ್ಟ. ಬಿಟ್ಟುಹೋಗಿದ್ದಕ್ಕೆ ಬಲವಾದ ಕಾರಣ ಇರಬೇಕು, ಪ್ರಾಮಾಣಿಕತೆಗೆ ಕಪ್ಪು ಚುಕ್ಕೆ ಇರಬಾರದು, ಆ ಹುದ್ದೆ ಅಥವಾ ಅಂಥದ್ದೇ ಇನ್ನೊಂದು ಖಾಲಿ ಇರಬೇಕು. ಹೊರಗಿದ್ದ ಅವಧಿ 90 ದಿನ ಮೀರಬಾರದು. ಇಷ್ಟಿದ್ದರೂ ಕೊಡುವುದು ಬಿಡುವುದು ಸರ್ಕಾರದ ಇಷ್ಟ. ಖಾಸಗಿ ಕಂಪನಿಗೋ ರಾಜಕೀಯ ಪಕ್ಷಕ್ಕೋ ಹೋಗಲು ಬಿಟ್ಟವರಿಗಂತೂ ಬಾಗಿಲು ಬಂದ್.

"ಮತ್ತೆ ಷಾ ಫೈಸಲ್?" ಅಂತೀರಾ? ಒಳ್ಳೆಯ ಪ್ರಶ್ನೆ. ಕಾಶ್ಮೀರದ ಈ ಐಎಎಸ್ ಅಧಿಕಾರಿ 2019ರ ಜನವರಿಯಲ್ಲಿ ರಾಜೀನಾಮೆ ಕೊಟ್ಟು ಪಕ್ಷವನ್ನೇ ಕಟ್ಟಿದರು. ಆದರೂ 2022ರಲ್ಲಿ ಸೇವೆಗೆ ಮರಳಿದರು, ದೆಹಲಿಯ ಪ್ರವಾಸೋದ್ಯಮ ಸಚಿವಾಲಯದಲ್ಲಿ ಹುದ್ದೆ ಸಿಕ್ಕಿತು. ಅವರ ರಾಜೀನಾಮೆ ಅಂಗೀಕಾರವಾಗಿಯೇ ಇರಲಿಲ್ಲ! ಅದೇ 2019ರಲ್ಲಿ ರಾಜೀನಾಮೆ ಕೊಟ್ಟ ಕಣ್ಣನ್ ಗೋಪಿನಾಥನ್ ಅವರದ್ದೂ ವರ್ಷಗಟ್ಟಲೆ ಅಂಗೀಕಾರವಾಗಲಿಲ್ಲ. 2020ರಲ್ಲಿ ಸರ್ಕಾರವೇ "ಕೆಲಸಕ್ಕೆ ಬನ್ನಿ" ಅಂದರೂ ಅವರು ಹೋಗಲಿಲ್ಲ. ಪತ್ರವನ್ನು ಹೀಗೆ ಕಡತದಲ್ಲಿ ಮಲಗಿಸಿಡುವುದು ನನಗಂತೂ ಸರಿ ಕಾಣುವುದಿಲ್ಲ. ಒಬ್ಬರಿಗೆ ವರ, ಇನ್ನೊಬ್ಬರಿಗೆ ಶಾಪ.

ನಮ್ಮಂಥ ಮನೆಗಳಿಗೆ ಹತ್ತಿರದ್ದು ಕೊಂಕಣ ರೈಲ್ವೆ ನೌಕರರೊಬ್ಬರ ಪ್ರಕರಣ. 2013ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟು, 2014ರ ಮೇ ತಿಂಗಳಲ್ಲಿ ಹಿಂದಕ್ಕೆ ಪಡೆದರು. ಅಷ್ಟರಲ್ಲಿ ಅಂಗೀಕಾರ ಆಗಿಹೋಗಿದೆ ಎಂದಿತು ಸಂಸ್ಥೆ. ಕರ್ನಾಟಕ ಹೈಕೋರ್ಟಿನಲ್ಲಿ ಸೋತ ಅವರಿಗೆ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೆಲಸ ಕೊಡಿಸಿತು. ಅಂಗೀಕಾರ ಪತ್ರ ಕಚೇರಿಯೊಳಗೇ ಉಳಿದಿತ್ತು, ಅವರ ಕೈಗೆ ತಲುಪಿರಲಿಲ್ಲ ಎಂಬುದು ಮುಖ್ಯವಾಯಿತು. ಆದರೆ ಹತ್ತು ವರ್ಷದ ಸಂಬಳದಲ್ಲಿ ಸಿಕ್ಕಿದ್ದು ಅರ್ಧ.

ಚಿಕ್ಕಮ್ಮ ಕೇಳಿದ್ದು ಶಿಲ್ಪಾ ಅವರ ಬಗ್ಗೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಸರ್ಕಾರಿ ಕಚೇರಿಯಲ್ಲಿರುವ ಅವರ ಮಗಳು, ಕೂಸನ್ನು ನೋಡಿಕೊಳ್ಳುವವರಿಲ್ಲ ಅಂತ ಯಾರಿಗೂ ಹೇಳದೆ ರಾಜೀನಾಮೆ ಕೊಟ್ಟು ಹನ್ನೊಂದು ದಿನವಾಗಿತ್ತು. ನಿಮ್ಮಲ್ಲೂ ಯಾರಾದರೂ ಹೀಗೆ ಮಾಡಿದ್ದರೆ ಇವತ್ತೇ ಎರಡು ಸಾಲು ಬರೆಯಿರಿ: ಇಂಥ ದಿನದ ರಾಜೀನಾಮೆ ಹಿಂದಕ್ಕೆ ಪಡೆದಿದ್ದೇನೆ ಅಂತ. ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತು ಬೇಡ. ಇನ್ನೂ ಕೊಟ್ಟಿಲ್ಲವೇ? ಮೊದಲು ರಜೆ ಕೇಳಿ. ರಾಜ್ಯದ ಮಹಿಳಾ ನೌಕರರಿಗೆ 2021ರ ಬಜೆಟ್ಟಿನಲ್ಲೇ ಆರು ತಿಂಗಳ ಶಿಶುಪಾಲನಾ ರಜೆ ಘೋಷಣೆಯಾಗಿತ್ತು. ಹಳೇ ಪಿಂಚಣಿಯಲ್ಲಿರುವವರು ಇದನ್ನೂ ನೆನಪಿಡಿ: ಸ್ವಯಂ ನಿವೃತ್ತಿಗೆ ಪಿಂಚಣಿ ಉಂಟು, ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೇ ಲೆಕ್ಕಕ್ಕಿಲ್ಲ.

ಚಿಕ್ಕಮ್ಮನ ಮಗಳ ಪತ್ರ ಇನ್ನೂ ಅಂಗೀಕಾರವಾಗಿರಲಿಲ್ಲ, ವಾಪಸ್ ಬಂತು. ಈಗ ಅವಳು ಬೇರೆ ತಾಲ್ಲೂಕಿನಲ್ಲಿದ್ದಾಳೆ. ದಿನಾ ಒಂದೂಕಾಲು ಗಂಟೆ ಬಸ್ಸು.