ಕಾಯಂ ವಿಳಾಸ

ಹಿಮಾಯತ್‌ನಗರದ ಮುಖ್ಯರಸ್ತೆಯಲ್ಲಿ ನಡೆದುಹೋದರೆ ವಿದೇಶ ವ್ಯಾಸಂಗದ ಸಲಹಾ ಕೇಂದ್ರಗಳ ಫಲಕಗಳು ಕಣ್ಣಿಗೆ ಬೀಳುತ್ತವೆ. ಇಲ್ಲಿ ವೀಸಾ ನಿತ್ಯದ ಮಾತು. ವಿದೇಶದಲ್ಲಿ ಇದ್ದುಕೊಂಡೇ ವಿದ್ಯಾರ್ಥಿಯ ಸ್ಥಾನಮಾನಕ್ಕೆ ಬದಲಾಗುವುದೆಂದರೆ ‘ಒಂದು ಅರ್ಜಿ, ಅಷ್ಟೇ’ ಎನ್ನುವವರನ್ನೂ ಕಂಡಿದ್ದೇವೆ. ಸರ್ಕಾರಿ ಕಡತಗಳ ನಡುವೆ ಅರ್ಧ ಆಯುಷ್ಯ ಕಳೆದ ನಮಗೆ, ಯಾವ ಅರ್ಜಿಯೂ ‘ಅಷ್ಟೇ’ ಅಲ್ಲವೆಂಬುದು ತಿಳಿದಿದೆ.

ನಮ್ಮ ನೆರೆಮನೆಯ ಹಿರಿಯರ ಮೊಮ್ಮಗ ಮೂರನೆಯ ವಯಸ್ಸಿನಲ್ಲಿ ತಂದೆತಾಯಿಯೊಡನೆ ಅಮೆರಿಕಕ್ಕೆ ಹೋದವನು. ತಂದೆಯದು ಎಚ್-1ಬಿ, ಮಗನದು ಅದನ್ನು ಅವಲಂಬಿಸಿದ ಎಚ್-4. ಉದ್ಯೋಗಾಧಾರಿತ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ಭಾರತೀಯರ ಸಾಲು ಕರಗುವುದಿಲ್ಲ. ವಯಸ್ಸು ಮಾತ್ರ ಕಾಯುವುದಿಲ್ಲ. 21 ತುಂಬಿದರೆ ಎಚ್-4 ಮುಗಿಯಿತು. ಅದಕ್ಕೆ ಮೊದಲೇ ಕಾಲೇಜಿನಿಂದ ಐ-20 ಪಡೆದು, ಐ-539 ಅರ್ಜಿ ಸಲ್ಲಿಸಿ, ಎಫ್-1 ವಿದ್ಯಾರ್ಥಿಯಾಗಲು ಹೊರಡಬೇಕು.

ಇದರಿಂದ ಲಾಭವಿಲ್ಲವೆಂದಲ್ಲ. ಎಚ್-4ರ ಮಕ್ಕಳು ದುಡಿಯುವಂತಿಲ್ಲ. ಎಫ್-1ರಲ್ಲಿ ಪಾಠದ ದಿನಗಳಲ್ಲೂ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ ವಿದ್ಯಾರ್ಥಿಯಾಗುವವನು ತನಗೆ ಹೊರದೇಶದಲ್ಲಿ ಮನೆಯಿದೆ, ಅದನ್ನು ತೊರೆಯುವ ಉದ್ದೇಶವಿಲ್ಲ ಎಂದು ತೋರಿಸಬೇಕು. ತಂದೆತಾಯಿ ಅಲ್ಲಿಯೇ ನೆಲೆಸಲು ಸಾಲಿನಲ್ಲಿ ನಿಂತಿರುವಾಗ, ಮಗ ಹಿಂದಿರುಗುವೆನೆಂದು ಹೇಳಬೇಕು. ಹಾಗಾಗಿ ಒಂದು ರಾತ್ರಿ ಹಿಮಾಯತ್‌ನಗರಕ್ಕೆ ಕರೆ ಬಂತು: “ಅಜ್ಜ, ನಿಮ್ಮ ಮನೆ ಕಾಗದಪತ್ರದ ಪ್ರತಿ ಕಳಿಸ್ತೀರಾ?” ಮೂರು ಬೇಸಿಗೆ ರಜೆಗಳನ್ನಷ್ಟೇ ಇಲ್ಲಿ ಕಳೆದ ಹುಡುಗನಿಗೆ ಈ ಮನೆಯೇ ಕಾಯಂ ವಿಳಾಸವಾಯಿತು.

ಅರ್ಜಿ ಮಂಜೂರಾಯಿತು. ಆ ಚಳಿಗಾಲದಲ್ಲಿ ಅಜ್ಜಿ ಆಸ್ಪತ್ರೆ ಸೇರಿದರು. ಬದಲಾದದ್ದು ಸ್ಥಾನಮಾನ, ವೀಸಾ ಅಲ್ಲ ಎಂಬುದು ಮನೆಯವರಿಗೆ ಆಗ ಅರಿವಾಯಿತು. ಆ ದೇಶದೊಳಗಿರುವವರೆಗೆ ಮಂಜೂರಾತಿ ಸಾಕು. ಇಲ್ಲಿಗೆ ಬಂದರೆ, ಮರಳುವ ಮುನ್ನ ನಾನಕ್‌ರಾಮ್‌ಗುಡದ ಕಾನ್ಸುಲೇಟಿನಲ್ಲಿ ಹೊಸ ವೀಸಾ ಪಡೆಯಬೇಕು. ಸಿಗದಿದ್ದರೆ ಓದು ಅರ್ಧಕ್ಕೆ ನಿಂತಂತೆ. ಅರ್ಜಿ ಇತ್ಯರ್ಥವಾಗುವ ಮುನ್ನವೇ ಹೊರಟರಂತೂ ಅರ್ಜಿಯನ್ನೇ ಕೈಬಿಟ್ಟ ಲೆಕ್ಕ. ಹುಡುಗ ಬರಲಿಲ್ಲ. ಅಜ್ಜಿ ಚೇತರಿಸಿಕೊಂಡರು, ಆದರೆ ಮೊಮ್ಮಗ ಯಾವಾಗ ಬರುತ್ತಾನೆಂದು ಕೇಳುವುದನ್ನು ಬಿಟ್ಟರು.

ಆ ಹಿರಿಯರು ಕಲಬುರಗಿಯಿಂದ ಉಸ್ಮಾನಿಯಾದಲ್ಲಿ ಓದಲು ಬಂದಾಗ ಎರಡೂ ಊರುಗಳು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಅವರು ಇದ್ದಲ್ಲೇ ಪರರಾಜ್ಯದವರಾದರು. “ಆದ್ರ ಅವ್ವಗ ನೋಡ್ಲಿಕ್ಕ ಹೋಗ್ಬೇಕಂದ್ರ ಯಾರ ಮುಂದೂ ನಿಂದ್ರಬೇಕಾಗಿರ್ಲಿಲ್ಲ” ಎಂದು ಅವರು ನಮ್ಮೊಡನೆ ಹೇಳಿದ್ದುಂಟು.

ಅಲ್ಲಿಯೇ ಬೆಳೆದ ಮಕ್ಕಳಿಗೆ ತಂದೆತಾಯಿಯ ಸಾಲಿನಲ್ಲಿ ಸ್ಥಾನ ಉಳಿಸಿಕೊಡುವುದು ಆ ದೇಶದ ಶಾಸಕರ ಕೆಲಸ. ನಮ್ಮ ಕೈಯಲ್ಲಿರುವುದು ಬೇರೆ. ಈ 21ರ ಗಡಿ ಹಠಾತ್ತನೆ ಬರುವುದಲ್ಲ. ಮಗನಿಗೆ ಹದಿನೈದರಲ್ಲೇ ಅದನ್ನು ತಿಳಿಸದೆ, ಇಪ್ಪತ್ತರಲ್ಲಿ ಅರ್ಜಿ ಮುಂದಿಟ್ಟು ಸಹಿ ಕೇಳುವುದು ನ್ಯಾಯವಲ್ಲ. ಇಲ್ಲಿಗೇ ಬಂದು ವಿದ್ಯಾರ್ಥಿ ವೀಸಾ ಪಡೆದು ಮರಳುವ ದಾರಿಯೂ ಇದೆ, ಅದರಲ್ಲೂ ಅಪಾಯವುಂಟು. ಎರಡನ್ನೂ ಅವನೊಡನೆ ಕೂತು ತೂಗಿ ನೋಡಬೇಕು. ಅರ್ಜಿ ಹಾಕುವುದೇ ನಿಶ್ಚಯವಾದರೆ, ಅದಕ್ಕೆ ಮುನ್ನ, ಬಂದು ಮರಳಲು ತೊಡಕಿಲ್ಲದಿರುವಾಗಲೇ, ಅವನನ್ನು ಒಮ್ಮೆ ಊರಿಗೆ ಕರೆತರಬೇಕು. ಕಾಯಂ ವಿಳಾಸವೆಂದು ಬರೆಯುವ ಮನೆಯಲ್ಲಿ ಅವನಿಗಾಗಿ ಕಾಯುವವರು ಇದ್ದಾರೆ.