ಮುದಿ ನಾಯಿಯ ಸೇವೆಯೂ ದಾಸೋಹವೇ





ಕಳೆದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿ ಮುಗಿದು ಭಕ್ತರೆಲ್ಲರೂ ಪ್ರಸಾದಕ್ಕೆ ಎದ್ದ ಹೊತ್ತಿನಲ್ಲಿ ನಮ್ಮ ಮಠದ ಹಿರಿಯ ಭಕ್ತೆಯೊಬ್ಬರು ಪೂಜ್ಯ ಶ್ರೀಗಳ ಸನ್ನಿಧಿಗೆ ಬಂದು ಒಂದು ಪ್ರಶ್ನೆಯನ್ನು ಮುಂದಿಟ್ಟರು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅವರು ಊರಿಗೆಲ್ಲ ಇಂದಿಗೂ ಅಕ್ಕೋರು. "ಅಜ್ಜಾರ, ಮನ್ಯಾಗ ಒಂದು ಮುದಿ ನಾಯಿ ಐತ್ರಿ. ನಂದಲ್ಲ. ಯಾರರ ಒಯ್ಯೂತನಕ ಇಟ್ಕೊಳ್ರಿ ಅಂತ ಕೊಟ್ಟಿದ್ರು. ಈಗ ಒಯ್ಯಾವ್ರು ಬಂದಾರ. ಕೊಟ್ರ ಪಾಪೋ, ಇಟ್ಕೊಂಡ್ರ ಪಾಪೋ ಹೇಳ್ರಿ" ಎಂದರು. ಸುತ್ತಲಿದ್ದ ಒಬ್ಬಿಬ್ಬರು ನಕ್ಕರು. ಪೂಜ್ಯರು ನಗಲಿಲ್ಲ. ವಚನಗಳ ಬೆಳಕಿನಲ್ಲಿ ಇದಕ್ಕೆ ಉತ್ತರ ಬರೆಯಬೇಕೆಂದು ಈ ಸೇವಕನಿಗೆ ಅಪ್ಪಣೆ ಕೊಡಿಸಿದರು. ಇಲ್ಲಿರುವುದು ನನ್ನ ಅಲ್ಪಮತಿಗೆ ತೋಚಿದ ಅಭಿಪ್ರಾಯ. ತಪ್ಪಿದ್ದರೆ ಅದು ನನ್ನದು.

ಮೊದಲು ನಡೆದ ಸಂಗತಿಯನ್ನು ಹೇಳುತ್ತೇನೆ. ಆ ನಾಯಿಗೆ ಹನ್ನೊಂದು ವರ್ಷ. ಲ್ಯಾಬ್ರಡಾರ್ ಬೆರಕೆಯ ದೊಡ್ಡ ಜೀವ. ಮರಿಯಾಗಿದ್ದಾಗಿನಿಂದ ಸಾಕಿದ ಕುಟುಂಬವು ಬೇರೆ ನಗರದ ಫ್ಲ್ಯಾಟಿಗೆ ಹೋಗುವಾಗ ಅದನ್ನು ಪ್ರಾಣಿಗಳ ಆಶ್ರಯತಾಣವೊಂದರ ಗೇಟಿಗೆ ಕಟ್ಟಿ ಹೊರಟುಹೋಯಿತು. ಅಲ್ಲಿ ನೋಡಲು ಬಂದವರೆಲ್ಲರೂ ಮರಿಗಳನ್ನೇ ಎತ್ತಿಕೊಂಡರು. ಸಂದುನೋವಿನ ಈ ಮುದಿಜೀವವು ಸಿಮೆಂಟಿನ ನೆಲದ ಮೇಲೆ ಬಿದ್ದುಕೊಂಡಿತ್ತು. ದತ್ತು ಪಡೆಯುವವರು ಸಿಗುವವರೆಗೆ ಮನೆಯಲ್ಲಿಟ್ಟು ನೋಡಿಕೊಳ್ಳಬಲ್ಲಿರಾ ಎಂದು ಆಶ್ರಯತಾಣದವರು ಕೇಳಿದಾಗ ಅಕ್ಕೋರು ಒಪ್ಪಿದರು. ಮೂರು ತಿಂಗಳಾಯಿತು. ಈಗ ಅಂಗಳವಿರುವ ಮನೆಯ ದಂಪತಿಗಳು ಅದನ್ನು ತಮ್ಮದನ್ನಾಗಿ ಮಾಡಿಕೊಳ್ಳಲು ಮುಂದೆ ಬಂದಿದ್ದಾರೆ. ಈ ನಡುವೆ ಅಕ್ಕೋರ ಬಂಧುಗಳು, ಲಿಂಗಪೂಜೆಯಾಗುವ ಮನೆಯಲ್ಲಿ ನಾಯಿ ತಿರುಗಾಡುವುದೇ ಎಂದು ಆಕ್ಷೇಪಿಸಿಯೂ ಆಗಿದೆ.

ಆದ್ದರಿಂದ ಇಲ್ಲಿ ಪ್ರಶ್ನೆಗಳು ಎರಡು. ನಾಯಿ ಮನೆಯೊಳಗೆ ಇರಬಹುದೇ ಎಂಬುದು ಒಂದು. ಪ್ರೀತಿಯಿಂದ ನೋಡಿಕೊಂಡ ಜೀವವನ್ನು ಮತ್ತೊಬ್ಬರ ಕೈಗೆ ಕೊಡುವುದು ಸರಿಯೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಶರಣಧರ್ಮದಲ್ಲಿ ನೇರವಾದ ಉತ್ತರವಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ಅಲ್ಲಗಳೆದರು. ಮುಟ್ಟಿನಿಂದ ಮೈಲಿಗೆಯೆಂಬ ಭಯವನ್ನು ಮನುಷ್ಯರ ನಡುವಿನಿಂದ ಕಿತ್ತೆಸೆದ ಪರಂಪರೆಯವರಾದ ನಾವು ಅದೇ ಭಯವನ್ನು ಒಂದು ಮೂಕಪ್ರಾಣಿಯ ನೆಪದಲ್ಲಿ ಮರಳಿ ಮನೆಯೊಳಗೆ ಕರೆದುಕೊಳ್ಳುವುದು ಉಚಿತವಲ್ಲ. ಇಷ್ಟಲಿಂಗವು ನಮ್ಮ ಅಂಗದ ಮೇಲಿದೆ, ಕೋಣೆಯ ಮೂಲೆಯಲ್ಲಿಲ್ಲ. ಪೂಜೆಗೆ ಮುನ್ನ ಕೈಕಾಲು ತೊಳೆದು ಶುಚಿಯಾಗಬೇಕು. ಅದು ನಾಯಿಯಿಲ್ಲದ ಮನೆಯಲ್ಲಿಯೂ ಆಗಬೇಕಾದದ್ದೇ. ಶುಚಿ ಬೇರೆ, ಸೂತಕ ಬೇರೆ.

ವಚನಗಳಲ್ಲಿ ನಾಯಿಯನ್ನು ಕೀಳಾಗಿ ಕಂಡಿದ್ದಾರಲ್ಲವೇ ಎಂದು ಕೆಲವರು ಕೇಳಬಹುದು. ಪಲ್ಲಕ್ಕಿಯಲ್ಲಿ ಕೂರಿಸಿದರೂ ಹಳೆಯ ಚಾಳಿಯನ್ನು ಬಿಡದ ಸೊಣಗನ ಹೋಲಿಕೆ ಬಸವಣ್ಣನವರಲ್ಲಿ ಬರುವುದು ನಿಜ. ಆದರೆ ಆ ವಚನವು ನಿಂದಿಸುತ್ತಿರುವುದು ಯಾರನ್ನು? ವಿಷಯದ ಕಡೆಗೆ ಮತ್ತೆ ಮತ್ತೆ ಓಡುವ ತಮ್ಮ ಮನಸ್ಸನ್ನು. ನಾಯಿ ಅಲ್ಲಿ ಕೇವಲ ಕನ್ನಡಿ. ಕನ್ನಡಿಯಲ್ಲಿ ಕಂಡ ಮುಖದ ಕೊಳೆಗೆ ಕನ್ನಡಿಯನ್ನು ಬೈಯುವುದು ವಚನವನ್ನು ಓದುವ ರೀತಿಯಲ್ಲ. ಇನ್ನೊಂದೆಡೆ ಅದೇ ಬಸವಣ್ಣನವರು, ತುತ್ತು ಕಂಡಾಗ ತಮ್ಮ ಬಳಗವನ್ನು ಕೂಗುವ ಕಾಗೆ ಕೋಳಿಗಳನ್ನು ಭಕ್ತರಿಗೆ ಆದರ್ಶವಾಗಿ ತೋರಿಸುತ್ತಾರೆ. ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಕಥೆಯೂ ನಮ್ಮ ಪರಂಪರೆಯಲ್ಲಿ ಉಳಿದುಬಂದಿದೆ. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಹುಟ್ಟಿನ ಹಿರಿಮೆಯನ್ನು ಮುರಿಯಲು ಆ ಕಥೆ ಆರಿಸಿಕೊಂಡ ಪ್ರಾಣಿ ನಾಯಿ ಎಂಬುದನ್ನು ಮರೆಯಬಾರದು.

ಹಾಗೆಂದು ನಾಯಿಯನ್ನು ಜಂಗಮವೆಂದು ಕರೆಯಲು ನಾನು ಹೊರಟಿಲ್ಲ. ಜಂಗಮತತ್ತ್ವಕ್ಕೆ ಅದರದೇ ಆದ ಅರ್ಥವಿದೆ. ಭಾವಾವೇಶದಲ್ಲಿ ಪಾರಿಭಾಷಿಕ ಪದಗಳನ್ನು ಸಡಿಲಗೊಳಿಸಬಾರದು. ಆದರೆ ದಯೆಯನ್ನೇ ಧರ್ಮದ ಬುಡವೆಂದು ತಿಳಿದವರಿಗೆ ಆ ದಯೆಯ ಸೀಮೆ ಮನುಷ್ಯನಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಇದೇ ಕಠಿಣವಾದದ್ದು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ನಾವು ಗೋಷ್ಠಿಗಳಲ್ಲಿ ಅನೇಕ ಸಲ ವಿವೇಚಿಸಿದ್ದೇವೆ. ದಾನದಲ್ಲಿ ನಾನು ಕೊಟ್ಟೆನೆಂಬ ಅಹಂಕಾರಕ್ಕೆ ಎಡೆಯಿದೆ. ದಾಸೋಹದಲ್ಲಿ ಕೊಡುವ ವಸ್ತುವೇ ನನ್ನದಲ್ಲ. ತನು, ಮನ, ಧನಗಳು ಸಲ್ಲಬೇಕಾದಲ್ಲಿಗೆ ಸಲ್ಲುವವರೆಗೆ ಕಾದಿಟ್ಟುಕೊಳ್ಳುವವನು ನಾನು. ನಗರಗಳಲ್ಲಿ ಫಾಸ್ಟರ್ ಎಂದು ಕರೆಯುವ ಈ ತಾತ್ಕಾಲಿಕ ಆಶ್ರಯದ ಸೇವೆಯ ತಿರುಳು ಇದೇ ಅಲ್ಲವೇ? ಮೊದಲ ದಿನದಿಂದಲೇ ಆ ಜೀವ ನನ್ನದಲ್ಲವೆಂದು ತಿಳಿದಿರಬೇಕು. ಆದರೆ ನನ್ನದೇ ಎನ್ನುವಷ್ಟು ಅಕ್ಕರೆಯಿಂದ ನೋಡಿಕೊಳ್ಳಬೇಕು. ಮಮತೆ ಇರಬೇಕು, ಮಮಕಾರ ಇರಬಾರದು. ಇದು ಹೇಳಲು ಸುಲಭ. ರಾತ್ರಿ ದಿಕ್ಕು ತಪ್ಪಿ ಕತ್ತಲೆಯಲ್ಲಿ ಅಲೆಯುವ ಮುದಿಜೀವದ ಪಕ್ಕ ಎಚ್ಚರವಾಗಿ ಕುಳಿತವರಿಗೆ ಅದರ ಕಷ್ಟ ಗೊತ್ತು.

ಈ ಸೇವೆ ನಡೆಯುವ ಕ್ರಮವನ್ನು ತಿಳಿಯದ ಭಕ್ತರಿಗಾಗಿ ನಾಲ್ಕು ಮಾತು. ನಾಯಿಯ ಹೊಣೆ ಆಶ್ರಯ ಕೊಟ್ಟ ಸಂಸ್ಥೆಯದಾಗಿಯೇ ಉಳಿದಿರುತ್ತದೆ. ಮನೆ, ಆಹಾರ, ಆರೈಕೆ ನಮ್ಮದು. ಔಷಧದ ವೆಚ್ಚ ಯಾರದು, ಎಷ್ಟು ಕಾಲ, ತುರ್ತು ಬಂದರೆ ಯಾವ ವೈದ್ಯರು ಎಂಬುದನ್ನು ಮೊದಲೇ ಬರೆದುಕೊಳ್ಳುವುದು ಒಳ್ಳೆಯದು. ರೇಬೀಸ್ ಲಸಿಕೆ ಆಗಿರಲೇಬೇಕು. ಬೆಂಗಳೂರಿನ ಕ್ಯೂಪಾ ಸಂಸ್ಥೆಯನ್ನು 1991ರಲ್ಲಿ ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಎಂಬ ತಾಯಿ ಆಗ ಎಂಬತ್ತು ದಾಟಿದವರು. ಮುಪ್ಪಿನಲ್ಲಿ ಸೇವೆಯೇ ಎಂದು ಹಿಂಜರಿಯುವವರು ಆಕೆಯನ್ನು ನೆನೆಯಬಹುದು.

ದೊಡ್ಡ ಜಾತಿಯ ನಾಯಿಗಳಿಗೆ ಏಳು ಎಂಟನೆಯ ವಯಸ್ಸಿಗೇ ಮುಪ್ಪು ಕಾಲಿಡುತ್ತದೆ. ಸಣ್ಣವುಗಳಿಗೆ ತುಸು ತಡ. ಸಂದುವಾತ, ಕಣ್ಣಿನ ಪೊರೆ, ಕಿವುಡು, ಹಲ್ಲುನೋವು, ಮೂತ್ರಪಿಂಡದ ತೊಂದರೆ ಅವುಗಳಿಗೂ ಉಂಟು. ನುಣುಪಾದ ಟೈಲ್ಸಿನ ಮೇಲೆ ಕಾಲು ಜಾರದಂತೆ ಅಕ್ಕೋರು ಪಡಸಾಲೆಯಿಂದ ಹಿತ್ತಲಿನವರೆಗೆ ಗೋಣಿತಟ್ಟುಗಳನ್ನು ಹಾಸಿದ್ದರು. ಕಣ್ಣು ಕಿವಿ ಮಂದವಾದ ನಾಯಿಯನ್ನು ನಿದ್ದೆಯಲ್ಲಿ ಹಠಾತ್ತನೆ ಮುಟ್ಟಬಾರದು, ಬೆಚ್ಚಿ ಕಚ್ಚಬಹುದು. ಅದು ಸಿಟ್ಟಲ್ಲ, ಭಯ. ಮನೆಗೆ ಬರುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು. ಪ್ರಸಾದವೆಂದು ಎಲ್ಲವನ್ನೂ ಹಾಕಬಾರದು: ದ್ರಾಕ್ಷಿ, ಪಾಯಸದಲ್ಲಿನ ಒಣದ್ರಾಕ್ಷಿ, ಪಲ್ಯದಲ್ಲಿನ ಈರುಳ್ಳಿ, ಚಾಕೊಲೇಟು ನಾಯಿಗೆ ವಿಷ. ನಮ್ಮ ಮೊಣಕಾಲು ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಟ್ಟರೆ ಪ್ರಾಣಕ್ಕೇ ಅಪಾಯ. ಭಕ್ತಿಯ ಹೆಸರಿನಲ್ಲಿ ಅಜ್ಞಾನ ಸಲ್ಲದು. ಅರಿವಿಲ್ಲದ ದಯೆ ಕೆಲವೊಮ್ಮೆ ಕೊಲ್ಲುತ್ತದೆ.

ಇಂಥ ಆರೈಕೆಯಿಂದ ಇನ್ನೊಂದು ಲಾಭವಿದೆ. ಆಶ್ರಯತಾಣದ ಗದ್ದಲದಲ್ಲಿ ಮುದುಡಿ ಮಲಗಿದ್ದ ನಾಯಿ ಮನೆಯ ಶಾಂತಿಯಲ್ಲಿ ತನ್ನ ನಿಜ ಸ್ವಭಾವವನ್ನು ತೋರುತ್ತದೆ. ಯಾವ ಹೊತ್ತಿಗೆ ಉಣ್ಣುತ್ತದೆ, ಯಾವುದಕ್ಕೆ ಹೆದರುತ್ತದೆ, ಮಕ್ಕಳೊಡನೆ ಹೇಗಿರುತ್ತದೆ ಎಂಬುದನ್ನು ನೋಡಿಕೊಂಡವರು ಹೇಳಬಲ್ಲರು. ಆ ತಿಳಿವಳಿಕೆಯೇ ಹೊಸ ಮನೆಯವರಿಗೆ ಧೈರ್ಯ ಕೊಡುತ್ತದೆ. ಅಕ್ಕೋರು ಮೂರು ತಿಂಗಳು ಎರಡು ಪುಟದ ಟಿಪ್ಪಣಿಯನ್ನು ಬರೆದಿಟ್ಟಿದ್ದರು. ಆ ದಂಪತಿಗಳು ಒಪ್ಪಿದ್ದು ಅದನ್ನು ಓದಿದ ಮೇಲೆ.

ಹಾಗಾದರೆ ಕೊಡಬೇಕೇ? ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನೆನಪಾಗುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಅಗತ್ಯಕ್ಕೆ ಮೀರಿದ್ದನ್ನು ಮರಳಿ ಒಯ್ದು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಕ್ಕಿ ಕದ್ದದ್ದಲ್ಲ, ಕೆಟ್ಟದ್ದೂ ಅಲ್ಲ. ಆದರೂ ತನ್ನ ಪಾಲಿಗೆ ಮೀರಿದ್ದನ್ನು ಇಟ್ಟುಕೊಳ್ಳುವುದು ಆಸೆ ಎಂದು ಆ ತಾಯಿ ಕಂಡರು. ಧನದಲ್ಲಿರುವಂತೆ ಪ್ರೀತಿಯಲ್ಲಿಯೂ ಇಂಥ ಆಸೆ ಉಂಟು. ನನ್ನಷ್ಟು ಇದನ್ನು ಯಾರೂ ನೋಡಿಕೊಳ್ಳಲಾರರು ಎಂಬ ಮಾತು ಮೇಲ್ನೋಟಕ್ಕೆ ದಯೆ; ಅದರ ಒಳಗೆ ನಾನು ಎಂಬುದು ಕುಳಿತಿರುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ, ಅಗಲಿಕೆಯ ನೋವನ್ನು ನಾನು ತಾಳಬಲ್ಲೆನೇ ಎಂಬುದಲ್ಲ. ಈ ಜೀವದ ಉಳಿದ ವರ್ಷಗಳಿಗೆ ಯಾವ ಮನೆ ಹಿತ ಎಂಬುದು. ಅಕ್ಕೋರಿಗೆ ಅರವತ್ತೆಂಟು ವರ್ಷ. ಮೂವತ್ತು ಕಿಲೋ ತೂಗುವ ನಾಯಿ ಬಿದ್ದರೆ ಎತ್ತುವ ಬಲ ಅವರ ಮೊಣಕಾಲಿಗಿಲ್ಲ. ಆ ದಂಪತಿಗಳ ಮನೆಯಲ್ಲಿ ಇಬ್ಬರಿದ್ದಾರೆ, ಮೆಟ್ಟಿಲಿಲ್ಲ. ಹೊಸ ಮನೆಯಲ್ಲಿ ನಾಯಿ ಮೊದಲ ಕೆಲವು ದಿನ ಉಣ್ಣದೆ ಇರಬಹುದು, ಬಾಗಿಲು ನೋಡುತ್ತ ಕೂರಬಹುದು. ಕೆಲವು ವಾರಗಳಲ್ಲಿ ಮನೆಯ ಕ್ರಮ ಕಲಿಯುತ್ತದೆ, ಕೆಲವು ತಿಂಗಳಲ್ಲಿ ಅದನ್ನು ತನ್ನದೆಂದು ನಂಬುತ್ತದೆ. ಅಲ್ಲದೆ ಅಕ್ಕೋರ ಪಡಸಾಲೆ ತೆರವಾದರೆ ಸಿಮೆಂಟಿನ ನೆಲದ ಮೇಲಿರುವ ಮತ್ತೊಂದು ಮುದಿಜೀವಕ್ಕೆ ಅಲ್ಲಿ ಜಾಗವಾಗುತ್ತದೆ. ಕೊಡುವುದು ಪಾಪವಲ್ಲ, ಕೊಟ್ಟಾಗಲೇ ಆ ಸೇವೆ ಪೂರ್ಣ. ಇಟ್ಟುಕೊಳ್ಳುವ ಶಕ್ತಿ, ಸ್ಥಳ, ಒಪ್ಪಿಗೆ ಎಲ್ಲವೂ ಇದ್ದು ಯಾರಾದರೂ ತಾವೇ ದತ್ತು ಪಡೆದರೆ ಅದೂ ತಪ್ಪಲ್ಲ. ಯಾರೂ ಬಾರದೆ ಹೋದರೆ ಕೊನೆಯುಸಿರಿನವರೆಗೆ ಪಕ್ಕದಲ್ಲಿರುವುದೂ ದಾಸೋಹವೇ. ಸೇವೆ ಎಲ್ಲಿಗೆ ಮುಗಿಯಬೇಕೆಂಬುದನ್ನು ನಮ್ಮ ಇಷ್ಟ ನಿರ್ಧರಿಸಬಾರದು, ಅಷ್ಟೆ.

ಪಾಪದ ಮಾತು ಬಂದದ್ದರಿಂದ ಒಂದು ಕಟುಸತ್ಯವನ್ನು ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾದೀತು. ಪಾಪದ ಪ್ರಶ್ನೆ ಕೇಳಬೇಕಾದವರು ಅಕ್ಕೋರಲ್ಲ. ಹನ್ನೊಂದು ವರ್ಷ ಮನೆ ಕಾಯಿಸಿಕೊಂಡು ಕೊನೆಗೆ ಗೇಟಿಗೆ ಕಟ್ಟಿ ಹೋದವರು. ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ. ಕಾಯ್ದೆಯ ಮಾತು ಹಾಗಿರಲಿ. ಜಾತ್ರೆ ಮುಗಿದ ಮರುದಿನ ನಮ್ಮ ದಾಸೋಹ ಮನೆಯ ಹಿಂಬಾಗಿಲಲ್ಲಿ, ಕೊರಳಪಟ್ಟಿಯ ಗುರುತು ಇನ್ನೂ ಮಾಸದ ನಾಯಿಗಳನ್ನು ನಾನೇ ಕಂಡಿದ್ದೇನೆ. ಮಠದಲ್ಲಿ ಅನ್ನ ಸಿಗುತ್ತದೆಂದು ಬಿಟ್ಟುಹೋದವರು ಹಣೆಗೆ ವಿಭೂತಿ ಧರಿಸಿಯೇ ಬಂದಿದ್ದಿರಬೇಕು. ಭಕ್ತರಲ್ಲಿ ವಿನಂತಿ: ದಯವಿಟ್ಟು ಹಾಗೆ ಮಾಡಬೇಡಿ. ಸಾಕಲಾಗದ ಸ್ಥಿತಿ ಯಾರಿಗೂ ಬರಬಹುದು. ಆಗ ಬಂಧುಗಳನ್ನು, ವೈದ್ಯರನ್ನು, ಆಶ್ರಯತಾಣದವರನ್ನು ಮೊದಲೇ ಕೇಳಿ. ಬೇರೆ ಮನೆ ಸಿಗುವವರೆಗೆ ಕಾಯಿರಿ. ಮರಿ ತರುವ ದಿನವೇ ಅದರ ಮುಪ್ಪನ್ನೂ ಮನೆಗೆ ತರುತ್ತಿದ್ದೇವೆಂದು ತಿಳಿಯಿರಿ.

ಈ ಬರಹ ಮುಗಿಯುವಷ್ಟರಲ್ಲಿ ಅಕ್ಕೋರು ತಾವೇ ನಿರ್ಧಾರ ಮಾಡಿದ್ದರು. ನಾಯಿಯ ಜೊತೆಗೆ ಅದು ಮಲಗುತ್ತಿದ್ದ ಹಳೆಯ ಕೌದಿಯನ್ನೂ, ಔಷಧದ ಚೀಟಿಯನ್ನೂ, ತಮ್ಮ ಎರಡು ಪುಟದ ಟಿಪ್ಪಣಿಯನ್ನೂ ಕೊಟ್ಟು ಕಳಿಸಿದರಂತೆ. ಮೊನ್ನೆ ಸೋಮವಾರ ಮಠಕ್ಕೆ ಬಂದಾಗ ಕೇಳಿದೆ. "ಎರಡ ದಿನ ಅತ್ನಿ. ಗೋಣಿತಟ್ಟು ತೊಳದ ಒಣಗ ಹಾಕೇನಿ. ಇನ್ನೊಂದ ಮುದುಕಿ ಐತಂತ, ಐತವಾರ ತರ್ತಾರ" ಎಂದರು. ವಚನವನ್ನು ವ್ಯಾಖ್ಯಾನಿಸುವ ನಾನು ಅವರಿಗೆ ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ.