ಬಿಡಿಭಾಗವೋ, ಬಿಚ್ಚಿ ಕಳಿಸಿದ ಕಾರೋ?

ಐರೋಪ್ಯ ಒಕ್ಕೂಟದ ಜತೆಗಿನ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಯಿತೆಂದು 2026ರ ಜನವರಿ 27ರಂದು ದೆಹಲಿಯಲ್ಲಿ ಘೋಷಣೆಯಾದದ್ದೇ ತಡ, ಎಲ್ಲರ ಬಾಯಲ್ಲೂ ಎರಡೇ ಅಂಕಿ: 110 ಮತ್ತು 10. ಪೂರ್ತಿ ತಯಾರಾಗಿ ಬರುವ ಕಾರಿನ ಸುಂಕ ಶೇ 110ರಿಂದ ಹಂತಹಂತವಾಗಿ ಶೇ 10ಕ್ಕೆ ಇಳಿಯುತ್ತದೆ, ವರ್ಷಕ್ಕೆ ಎರಡೂವರೆ ಲಕ್ಷ ಕಾರುಗಳ ಮಿತಿಯೊಳಗೆ. ಬಿಡಿಭಾಗಗಳ ಸುಂಕ ಐದರಿಂದ ಹತ್ತು ವರ್ಷಗಳಲ್ಲಿ ಸೊನ್ನೆಯಾಗುತ್ತದೆ. ಇದನ್ನೇ ಹಿಡಿದುಕೊಂಡು ಅಂಕಣಕಾರರೊಬ್ಬರು, ಇನ್ನು ಫೋಕ್ಸ್‌ವ್ಯಾಗನ್ ಥರದ ತಕರಾರುಗಳ ಕಥೆ ಮುಗಿಯಿತು, ಸುಂಕವೇ ಇಲ್ಲದ ಮೇಲೆ ವಂಚನೆ ಎಲ್ಲಿಯದು ಎಂದು ಬರೆದಿದ್ದಾರೆ. ಆಗಲಿರುವುದು ಇದಕ್ಕೆ ತದ್ವಿರುದ್ಧ. ತಕರಾರು ಹೆಚ್ಚುತ್ತದೆ.

ವರ್ಗೀಕರಣದ ಜಗಳ ಸುಂಕದ ಎತ್ತರದಿಂದ ಹುಟ್ಟುವುದಿಲ್ಲ. ಒಂದೇ ಸಾಮಾನಿಗೆ ಇಡಬಹುದಾದ ಎರಡು ಹೆಸರುಗಳ ನಡುವಿನ ಅಂತರದಿಂದ ಹುಟ್ಟುತ್ತದೆ. ಹಾಗಾಗಿ ನೋಡಬೇಕಾದ ಅಂಕಿ 110 ಅಲ್ಲ, 10 ಅಲ್ಲ, 20. ಕಾರಿನ ಬಿಡಿಭಾಗ ಎಂದು ಬರೆದರೆ ಹೆಚ್ಚೆಂದರೆ ಶೇ 15. ಎಂಜಿನ್, ಗೇರ್‌ಬಾಕ್ಸ್ ಜೋಡಿಸಿಟ್ಟ ಸಿಕೆಡಿ ಕಿಟ್ (ಬಿಚ್ಚಿ ಕಳಿಸಿದ ಕಾರು) ಎಂದರೆ ಶೇ 35. 2023ರ ಬಜೆಟ್ಟಿನವರೆಗೆ 30 ಇತ್ತು. ನಾಳೆ ಬಿಡಿಭಾಗಕ್ಕೆ ಸೊನ್ನೆಯಾಗಿ ಕಿಟ್‌ನ ದರ ಅದಕ್ಕೆ ತಕ್ಕಂತೆ ಇಳಿಯದಿದ್ದರೆ, ಈ 20 ಎಂಬುದು 35 ಆಗುತ್ತದೆ. ಯಾವ ಕಂಪನಿಯ ಲೆಕ್ಕಿಗ ಆಗ ಕೈಕಟ್ಟಿ ಕೂರುತ್ತಾನೆ? ಯಾವ ಸುಂಕದ ಅಧಿಕಾರಿ ಕಣ್ಣು ಮುಚ್ಚಿಕೊಳ್ಳುತ್ತಾನೆ?

ಫೋಕ್ಸ್‌ವ್ಯಾಗನ್ ಪ್ರಕರಣದ ವಿವರ ಓದುಗರಿಗೆ ಗೊತ್ತಿರುವುದೇ. ಕಸ್ಟಮ್ಸ್ ಇಲಾಖೆಯ 2024ರ ಸೆಪ್ಟೆಂಬರ್ 30ರ ನೋಟಿಸ್, 140 ಕೋಟಿ ಡಾಲರ್ ಬೇಡಿಕೆ, 2012ರಿಂದೀಚಿನ ಆಮದಿನ ಲೆಕ್ಕ. ಇಲ್ಲಿಂದ ಕಾರುಗಳಿಗೆ ಆರ್ಡರ್ ಹೋದರೆ ಕಂಪನಿಯ ಸಾಫ್ಟ್‌ವೇರ್ ಅದನ್ನು ಒಂದೊಂದು ಕಾರಿಗೆ 700ರಿಂದ 1,500 ಭಾಗಗಳಾಗಿ ಒಡೆದು ಜೆಕ್ ಗಣರಾಜ್ಯ, ಜರ್ಮನಿ, ಮೆಕ್ಸಿಕೊಗಳ ಪೂರೈಕೆದಾರರಿಗೆ ಹಂಚುತ್ತಿತ್ತು, ಸರಕು ಬೇರೆ ಬೇರೆ ದಿನ ಬೇರೆ ಬೇರೆ ಕಂಟೇನರಿನಲ್ಲಿ ಬರುತ್ತಿತ್ತು ಎಂಬುದು ಇಲಾಖೆಯ ಆರೋಪ. ಬಿಡಿಭಾಗ ತರಿಸಿದ್ದೇವೆ, ಬಿಡಿಭಾಗದ ಸುಂಕ ಕಟ್ಟಿದ್ದೇವೆ, ಇಷ್ಟು ವರ್ಷ ಎಲ್ಲಿದ್ದಿರಿ ಎಂಬುದು ಕಂಪನಿಯ ವಾದ. ವಾದ ಬಾಂಬೆ ಹೈಕೋರ್ಟಿನ ಮುಂದೆ ಬಂದಿದೆ. ಕಳ್ಳರು ಯಾರು, ಸಾಚಾಗಳು ಯಾರು ಎಂಬ ತೀರ್ಪು ನನಗೆ ಬೇಡ. ನನ್ನ ತಕರಾರು ಕಿಟ್‌ಗೆ ದರ ನಿಗದಿ ಮಾಡುವ ಸುಂಕದ ಅಧಿಸೂಚನೆಯ ಒಂದು ವಾಕ್ಯದ ಮೇಲೆ.

ಪೂರ್ಣ ವಾಹನ ಜೋಡಿಸಲು ಬೇಕಾದ ಎಲ್ಲ ಭಾಗಗಳುಳ್ಳದ್ದು ಕಿಟ್ ಎನ್ನುತ್ತದೆ ಆ ವಾಕ್ಯ. ಎಲ್ಲ ಭಾಗಗಳು, ಸರಿ. ಎಷ್ಟು ಹಡಗಿನಲ್ಲಿ? ಎಷ್ಟು ದಿನದೊಳಗೆ? ಎಷ್ಟು ಬಿಲ್ ಆಫ್ ಎಂಟ್ರಿಗಳಲ್ಲಿ? ಒಂದು ಅಕ್ಷರ ಇಲ್ಲ. ಬಿಚ್ಚಿ ತಂದ ವಸ್ತುವನ್ನೂ ಪೂರ್ಣ ವಸ್ತುವೆಂದೇ ಎಣಿಸಬೇಕೆನ್ನುವ ಅಂತರರಾಷ್ಟ್ರೀಯ ವರ್ಗೀಕರಣ ನಿಯಮ 2(ಎ) ಇದೆಯಲ್ಲ ಎನ್ನುವವರಿದ್ದಾರೆ. ಕಂತುಕಂತಾಗಿ ಬರುವ ಸರಕನ್ನು ಏನು ಮಾಡಬೇಕೆಂಬ ಪ್ರಶ್ನೆ ವಿಶ್ವ ಕಸ್ಟಮ್ಸ್ ಸಂಸ್ಥೆಯ ವರ್ಗೀಕರಣ ಸಮಿತಿಯ ಮುಂದೆಯೂ ಬಂದಿತ್ತು. ಅದನ್ನು ಆಯಾ ದೇಶ ತನ್ನ ಕಾನೂನಿನಲ್ಲೇ ಇತ್ಯರ್ಥ ಮಾಡಿಕೊಳ್ಳಲಿ ಎಂದು ಸಮಿತಿ 1995ರಲ್ಲೇ ಕೈ ತೊಳೆದುಕೊಂಡಿತು. ನಾವು ಇತ್ಯರ್ಥ ಮಾಡಿಕೊಂಡೆವೇ? 2011ರ ಬಜೆಟ್ಟಿನಲ್ಲಿ ಕಿಟ್‌ನ ವ್ಯಾಖ್ಯೆ ಬಂತು, ಎಂಜಿನ್ ಜೋಡಿಸಿದೆಯೋ ಇಲ್ಲವೋ ಎಂಬುದಕ್ಕೆ ದರ ನಿಗದಿಯಾಯಿತು. ಕಂತಿನ ಮಾತು ಆಗಲೂ ಇಲ್ಲ, ಆಮೇಲೂ ಇಲ್ಲ.

ಚೀನಾ ಅದನ್ನು ಬರೆದಿತ್ತು, ಬರೆದೇ ಸಿಕ್ಕಿಬಿದ್ದಿತ್ತು. ಅಲ್ಲಿ ಬಿಡಿಭಾಗಕ್ಕೆ ಶೇ 10, ಕಾರಿಗೆ ಶೇ 25. ತಯಾರಾದ ಕಾರಿನ ಬೆಲೆಯಲ್ಲಿ ಆಮದು ಭಾಗಗಳ ಪಾಲು ಶೇ 60 ಮುಟ್ಟಿದರೆ ಅಷ್ಟೂ ಭಾಗಗಳಿಗೆ 25ರ ಲೆಕ್ಕ. ಅಮೆರಿಕ, ಕೆನಡಾ, ಐರೋಪ್ಯ ಒಕ್ಕೂಟ ಮೂವರೂ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟರು. 2008ರ ಡಿಸೆಂಬರ್ 15ರಂದು ಮೇಲ್ಮನವಿ ಮಂಡಳಿ ಚೀನಾದ ವಿರುದ್ಧ ತೀರ್ಪು ಕೊಟ್ಟಿತು: ಸರಕು ಗಡಿ ದಾಟಿ ಕಾರ್ಖಾನೆ ಸೇರಿದ ಮೇಲೆ ಅದರಿಂದ ಏನಾಯಿತೆಂದು ನೋಡಿ ಹಾಕುವುದು ಆಮದು ಸುಂಕವಲ್ಲ, ದೇಶದೊಳಗಿನ ತೆರಿಗೆ. ಸುಂಕ ಹಾಕುವವನು ಗಡಿಯಲ್ಲಿ ಕಂಡದ್ದನ್ನು ನೋಡಬೇಕು. 2009ರ ಸೆಪ್ಟೆಂಬರಿನಲ್ಲಿ ಚೀನಾ ಆ ನಿಯಮವನ್ನು ಕೈಬಿಟ್ಟಿತು. ಅಂದು ದೂರುದಾರನಾಗಿದ್ದ ಐರೋಪ್ಯ ಒಕ್ಕೂಟದೊಂದಿಗೇ ಇಂದು ನಮ್ಮ ಒಪ್ಪಂದ. ನಮ್ಮ ಮಾತುಕತೆಯ ಮೇಜಿನ ಮೇಲೆ ಆ ತೀರ್ಪಿನ ಪ್ರತಿ ಇತ್ತೋ ಇಲ್ಲವೋ!

ಥಾಯ್ಲೆಂಡಿನ ಉದಾಹರಣೆ ಕೊಡುವವರೂ ಇದ್ದಾರೆ. ಪ್ರಿಯಸ್ ಕಾರಿನ ಭಾಗಗಳ ಮೇಲೆ ಕಡಿಮೆ ಸುಂಕ ಕಟ್ಟಿದ ಟೊಯೊಟಾ ಸುಮಾರು ಸಾವಿರ ಕೋಟಿ ಬಾಟ್ ತೆರಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಹೌದು. ಅಲ್ಲಿಯೂ ಜಗಳ ಎರಡು ದರಗಳ ನಡುವಿನದೇ ಆಗಿತ್ತು ಎಂಬುದನ್ನು ಮಾತ್ರ ಈ ಉದಾಹರಣೆ ಕೊಡುವವರು ಹೇಳುವುದಿಲ್ಲ.

ನಮ್ಮದೇ ರಾಜ್ಯದ ಪ್ರಕರಣ ಯಾರಿಗೂ ನೆನಪಿದ್ದಂತಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆ, ತಾಂತ್ರಿಕ ನೆರವಿಗೆ ಕೊಟ್ಟ ಶುಲ್ಕವನ್ನು ಆಮದು ಸರಕಿನ ಮೌಲ್ಯಕ್ಕೆ ಸೇರಿಸಬೇಕೇ ಎಂಬುದು. ಆಮದಿನ ನಂತರ ಕಾರ್ಖಾನೆಯಲ್ಲಿ ನಡೆಯುವ ಕೆಲಸಕ್ಕೆ ಸಂಬಂಧಿಸಿದ್ದನ್ನು ಆಮದಿನ ತಲೆಗೆ ಕಟ್ಟುವಂತಿಲ್ಲ ಎಂಬ ನೆಲೆಯಲ್ಲಿ ಕೋರ್ಟ್ ತೀರ್ಮಾನಿಸಿತು. ಅದು ಮೌಲ್ಯದ ಪ್ರಕರಣ, ವರ್ಗೀಕರಣದ್ದಲ್ಲ, ಒಪ್ಪುತ್ತೇನೆ. ಆದರೆ ಚೀನಾ ಪ್ರಕರಣದಲ್ಲಿ ಮೇಲ್ಮನವಿ ಮಂಡಳಿ ಮರುವರ್ಷ ಹೇಳಿದ್ದರ ತಿರುಳು ಇದೇ ಅಲ್ಲವೇ?

ಈಗ ಹೊಳೆಮಣ್ಣೂರಿಗೆ ಬರುತ್ತೇನೆ. ಹಡಗಿಗೂ ಮಲಪ್ರಭೆಯ ದಂಡೆಗೂ ಏನು ಸಂಬಂಧ ಎಂದು ಕೇಳಬೇಡಿ. ಕಳೆದ ಹಿಂಗಾರಿ ಬಿತ್ತನೆ ಹೊತ್ತಿಗೆ ನಮ್ಮ ಸಂಬಂಧಿಕರ ಟ್ರ್ಯಾಕ್ಟರ್ ಎರಿಹೊಲದಲ್ಲಿ ಕ್ಲಚ್ ಸುಟ್ಟುಕೊಂಡು ನಿಂತಿತು. ರೋಣಕ್ಕೆ ಹೋಗಿ ಸಾಮಾನು ತಂದೆವು. ಬಿಲ್ಲಿನಲ್ಲಿ ಕ್ಲಚ್ ಪ್ಲೇಟು: ಕೋಡ್ 8708, ಜಿಎಸ್‌ಟಿ ಶೇ 5. ಅದರ ಕೆಳಗೇ ರಿಲೀಸ್ ಬೇರಿಂಗು: ಕೋಡ್ 8482, ಶೇ 18. ಎರಡೂ ಕೂರುವುದು ಒಂದೇ ಡಬ್ಬಿಯೊಳಗೆ. ಕ್ಲಚ್ ಬಿಚ್ಚಿದ ಮೇಲೆ ಬೇರಿಂಗ್ ಬದಲಿಸದೆ ಯಾವ ಮೆಕ್ಯಾನಿಕ್ಕೂ ಅದನ್ನು ಮುಚ್ಚುವುದಿಲ್ಲ. ಕೇಳಿದ್ದಕ್ಕೆ ಅಂಗಡಿಯವರು, ‘ಅದು ಬ್ಯಾರೆ ಕೋಡ್ ರೀ, ನಾವೇನ್ ಮಾಡೂಣು’ ಅಂದರು. ಇಡೀ ಸುಂಕಶಾಸ್ತ್ರ ಅವರ ಆ ಒಂದು ಮಾತಿನಲ್ಲಿದೆ. ಬೇರಿಂಗ್ ಎಲ್ಲಿ ಕೂತರೂ ಬೇರಿಂಗೇ, ಅದು ವಾಹನದ ಭಾಗವಾಗಲಾರದು ಎಂದು ಸುಂಕಪಟ್ಟಿಯ ಹದಿನೇಳನೇ ವಿಭಾಗದ ಎರಡನೇ ಟಿಪ್ಪಣಿ ಹೇಳುತ್ತದೆ.

ಆ ವಿಭಾಗದ ಟಿಪ್ಪಣಿಗಳನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ ಹತ್ತು ತಿಂಗಳ ಅಂತರದಲ್ಲಿ ಎರಡು ರೀತಿ ಓದಿತು. 2020ರ ಮೇ 1ರಂದು ಯೂನಿ ಪ್ರಾಡಕ್ಟ್ಸ್ ಪ್ರಕರಣದಲ್ಲಿ, ಕಾರಿಗೆಂದೇ ಕತ್ತರಿಸಿದ ಮ್ಯಾಟ್ ಕೂಡ ಕಾರ್ಪೆಟ್ಟೇ, ಕಾರಿನ ಭಾಗವಲ್ಲ ಎಂದಿತು. 2021ರ ಮಾರ್ಚ್ 8ರಂದು ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಪ್ರಕರಣದಲ್ಲಿ, ರೈಲ್ವೆ ಸಿಗ್ನಲ್ಲಿಗೆ ಮಾತ್ರ ಬಳಸುವ ರಿಲೇ ಎಲೆಕ್ಟ್ರಿಕ್ ಸಾಮಾನಲ್ಲ, ಸಿಗ್ನಲ್ಲಿನ ಭಾಗ ಎಂದಿತು. ಮೊದಲನೆಯದರಲ್ಲಿ ವಸ್ತು ಏನು ಎಂಬುದು ಗೆದ್ದಿತು, ಎರಡನೆಯದರಲ್ಲಿ ವಸ್ತು ಯಾವುದಕ್ಕೆ ಎಂಬುದು. ರೈಲಿನ ರಿಲೇ ತೀರ್ಪನ್ನು ಹಿಡಿದು ಕಾರಿನ ಭಾಗ ತರಿಸುವವರಿಗೆ ತಕರಾರು ಶುರುವಾಯಿತು: ಶೇ 7.5, ಶೇ 10ರ ಶೀರ್ಷಿಕೆಗಳಲ್ಲಿದ್ದ ಸ್ವಿಚ್ಚು, ಸೆನ್ಸರುಗಳೂ ‘ಕಾರಿನ ಭಾಗ’ವಾಗಿ 8708ರ ಶೇ 15ಕ್ಕೆ ಹೋಗಬೇಕು ಎಂದು. ಕೊನೆಗೆ ಕೇಂದ್ರ ಕಸ್ಟಮ್ಸ್ ಮಂಡಳಿಯೇ 2022ರ ಜನವರಿ 5ರಂದು ಸೂಚನೆ ಹೊರಡಿಸಿ, ಆ ತೀರ್ಪನ್ನು ಕಣ್ಣುಮುಚ್ಚಿ ಎಲ್ಲದಕ್ಕೂ ಅನ್ವಯಿಸಬೇಡಿ, ಟಿಪ್ಪಣಿಗಳನ್ನು ಓದಿ, ಹಿಂದಿನ ತೀರ್ಪುಗಳನ್ನೂ ನೋಡಿ ಎಂದು ತನ್ನ ಅಧಿಕಾರಿಗಳಿಗೇ ಹೇಳಬೇಕಾಯಿತು.

ಇದೇ ರೋಗ ಜಿಎಸ್‌ಟಿಗೂ ಇತ್ತು. ಕಾರಿನ ಸೀಟು ಕುರ್ಚಿಯ ಸಾಲಿಗೆ ಹೋದರೆ ಶೇ 18, ಕಾರಿನ ಭಾಗಗಳ ಸಾಲಿಗೆ ಬಂದರೆ 28. 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸೀಟನ್ನೂ 28ಕ್ಕೆ ತಳ್ಳಿತು. ಮರುವರ್ಷದ ಸೆಪ್ಟೆಂಬರ್ 22ರಿಂದ, ಕೋಡ್ ಯಾವುದೇ ಇರಲಿ, ಎಲ್ಲ ವಾಹನ ಬಿಡಿಭಾಗಕ್ಕೂ ಶೇ 18 ಎಂದು ಬಂತು. ಅಲ್ಲಿಗೆ ಸೀಟು, ಬೇರಿಂಗುಗಳ ಮೇಲಿನ ವಾದಕ್ಕೆ ಅರ್ಥವೇ ಉಳಿಯಲಿಲ್ಲ. ಅಂತರ ಸೊನ್ನೆಯಾದ ಮೇಲೆ ವಕೀಲರನ್ನು ಇಟ್ಟುಕೊಂಡು ಗೆಲ್ಲುವುದೇನು? ಆದರೆ ಅದೇ ದಿನ ಟ್ರ್ಯಾಕ್ಟರಿನ ಆಯ್ದ ಭಾಗಗಳಿಗೆ ಶೇ 5 ಮಾಡಿ ಇನ್ನೊಂದು ಕಡೆ 13ರ ಅಂತರ ತೆರೆದರು. ಇಂದು ಅದೇ ರೇಡಿಯೇಟರ್ ಟ್ರ್ಯಾಕ್ಟರಿಗೆಂದರೆ 5, ಟ್ರಕ್ಕಿಗೆಂದರೆ 18. ರೈತರಿಗೆ ಅನುಕೂಲವಾಯಿತು, ಸಂತೋಷ. ಮುಂದಿನ ಹತ್ತು ವರ್ಷದ ದಾವೆಗಳೂ ಅಲ್ಲಿಂದಲೇ ಬರುತ್ತವೆ, ಕಾದು ನೋಡಿ.

ಅಂತರ ಇಲ್ಲದಿದ್ದರೆ ಇಲ್ಲಿ ಕಾರ್ಖಾನೆ ಯಾರು ಕಟ್ಟುತ್ತಾರೆ, 2000ರಲ್ಲಿ ಕ್ವಾಲಿಸ್‌ನಿಂದ ಶುರುವಾದ ಬಿಡದಿ ಇಷ್ಟು ಬೆಳೆಯುತ್ತಿತ್ತೇ, ಸುತ್ತ ಅಷ್ಟೊಂದು ಬಿಡಿಭಾಗ ಘಟಕಗಳು ಬರುತ್ತಿದ್ದವೇ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಇಡೀ ಕಾರಿಗೂ ಬಿಡಿಭಾಗಕ್ಕೂ ನಡುವೆ ಅಂತರ ಇರಲಿ; ಹಡಗಿನಿಂದ ಇಳಿದ ಕಾರು ಯಾವುದು, ಬಂಪರ್ ಯಾವುದು ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗದೆ ಇರುವುದು ಕಿಟ್ ಮತ್ತು ಬಿಡಿಭಾಗದ ನಡುವಿನ ಗೆರೆ. ಆ ಗೆರೆಯ ಮೇಲೆ 20 ಅಂಶದ ದರ ಕೂರಿಸಬೇಕೆಂದರೆ ಗೆರೆಯನ್ನು ಮೊದಲು ಎಳೆಯಿರಿ: ಇಷ್ಟು ದಿನದೊಳಗೆ, ಒಬ್ಬನೇ ಆಮದುದಾರನ ಹೆಸರಿಗೆ, ಒಂದೇ ಆರ್ಡರಿನ ಮೇಲೆ ಬಂದದ್ದೆಲ್ಲ ಕಿಟ್, ಉಳಿದದ್ದು ಬಿಡಿಭಾಗ. ಚೀನಾದಂತೆ ಕಾರ್ಖಾನೆಯೊಳಗೆ ಹೋಗಿ ಎಣಿಸದೆ, ಗಡಿಯಲ್ಲಿ ಕಾಗದ ನೋಡಿಯೇ ಹೇಳಬಹುದಾದ ಗೆರೆ ಅದು. ಕಂಪನಿ ಅದನ್ನು ಓದಿ ತನ್ನ ಲೆಕ್ಕ ತಾನು ಹಾಕಿಕೊಳ್ಳಲಿ. ಹನ್ನೆರಡು ವರ್ಷ ಸುಮ್ಮನಿದ್ದು ಹದಿಮೂರನೇ ವರ್ಷ ನೋಟಿಸ್ ಕೊಡುವ ಸೌಭಾಗ್ಯ ಆಗ ಯಾರಿಗೂ ಇರುವುದಿಲ್ಲ.

ಐರೋಪ್ಯ ಒಪ್ಪಂದ ಜಾರಿಗೆ ಬರುವ ಮುನ್ನ ಮಾಡಬಹುದಾದ ಕೆಲಸ ಇದು; ಸಂಸತ್ತು ಕೂಡಬೇಕಿಲ್ಲ, ಹಣಕಾಸು ಸಚಿವಾಲಯದ ಒಂದು ಅಧಿಸೂಚನೆ ಸಾಕು. ಅಲ್ಲಿಯವರೆಗೆ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೊದಲ್ಲೋ ಮುಂಬೈ ಬಂದರಿನಲ್ಲೋ ಬಾಗಿಲು ತೆರೆದ ಕಂಟೇನರಿನ ಮುಂದೆ ಒಬ್ಬ ಅಧಿಕಾರಿ ನಿಂತಿರುತ್ತಾನೆ. ಒಳಗೆ ಬರೀ ಬಾಗಿಲ ಹಿಡಿಕೆಗಳಿವೆ. ಉಳಿದ ಏಳು ನೂರು ಭಾಗಗಳು ಯಾವ ಹಡಗಿನಲ್ಲಿವೆ ಎಂದು ಅವನು ಕೇಳಬೇಕೋ, ಮುದ್ರೆ ಒತ್ತಿ ಕಳಿಸಬೇಕೋ? ಅವನ ಕೈಯಲ್ಲಿರುವ ಅಧಿಸೂಚನೆಯಲ್ಲಿ ಇದಕ್ಕೆ ಉತ್ತರವಿಲ್ಲ.